ಅಚ್ಚಿನ ಪಟದಲ್ಲಿ ನೆರಳು ಎಲ್ಲಿ ಹೋಯ್ತು?

ನಮ್ಮೂರ ಕಡೆ ಪುಸ್ತಕ ಇಲ್ಲದ ಮನೆ ಇರಬಹುದು, ಪಟ ಇಲ್ಲದ ಮನೆ ಇಲ್ಲ. ಪೂಜೆ ಗೂಡಲ್ಲಿ ದೇವರ ಪಟ, ಅಡುಗೆ ಮನೇಲಿ ದಿನಸಿ ಅಂಗಡಿಯ ಕ್ಯಾಲೆಂಡರು, ಬಾಗಿಲ ಪಕ್ಕ ಮದುವೆ ಫೋಟೋ, ಬೀದಿ ಮೂಲೇಲಿ ಫ್ಲೆಕ್ಸು. ಕಥೆ ಕವಿತೆಗೆ ವಿಮರ್ಶೆ ಬರೆಯೋರಿದ್ದಾರೆ. ಸಿನಿಮಾ ಬಂದ ದಿನ ಸಂಜೆಯೇ ಟೀ ಅಂಗಡೀಲಿ ಅದರ ವಿಮರ್ಶೆ ಮುಗಿದುಹೋಗುತ್ತೆ. ಹಗಲೂ ರಾತ್ರಿ ಕಣ್ಣೆದುರಿಗೇ ಇರೋ ಈ ಅಚ್ಚಿನ ಪಟಗಳ ಬಗ್ಗೆ ಮಾತ್ರ ಯಾರೂ ಬಾಯಿ ಬಿಡೋದಿಲ್ಲ. ಬಹಳ ಆಯ್ತು ಅಂದ್ರೆ "ಪಟ ಮಂಕಾಗಿದೆ" ಅಂತಾರೆ. ಆ ಮಂಕು ಎಲ್ಲಿಂದ ಬಂತು, ಅದರಿಂದ ನಮಗೆ ಏನು ನಷ್ಟ, ಇದನ್ನು ಬಿಡಿಸಿ ನೋಡೋಣ ಅಂತ ಈ ಬರಹ.

ನಾನು ಹಲವು ವರ್ಷದಿಂದ ತಿರುಪ್ಪೂರಿನಲ್ಲಿ ಅಚ್ಚಿಗೆ ಚಿತ್ರ ಸಿದ್ಧಮಾಡಿ ಕೊಡೋ ಕೆಲಸದಲ್ಲಿದ್ದೀನಿ. ಮೊದಲು ಬನಿಯನ್ ಬಟ್ಟೆ ಮೇಲೆ, ಈಗ ಹೆಚ್ಚಾಗಿ ಕಾಗದದ ಮೇಲೆ. ಈ ಕೆಲಸದಲ್ಲಿ ಕಲಿತದ್ದನ್ನ ಒಂದೇ ಮಾತಲ್ಲಿ ಹೇಳಬೇಕು ಅಂದ್ರೆ ಇಷ್ಟು: ಪಟ ಒಳ್ಳೇದೋ ಕೆಟ್ಟದ್ದೋ ತಿಳೀಬೇಕಾದ್ರೆ ಅದರ ಬೆಳಕಿನ ಜಾಗ ನೋಡಬೇಡಿ, ನೆರಳಿನ ಜಾಗ ನೋಡಿ. ಬೆಳಕನ್ನ ಯಾರು ಬೇಕಾದ್ರೂ ಅಚ್ಚು ಮಾಡ್ತಾರೆ, ಅಲ್ಲಿ ಇಂಕು ಕಡಿಮೆ, ಕಾಗದವೇ ಕೆಲಸ ಮಾಡಿಬಿಡುತ್ತೆ. ನೆರಳಲ್ಲಿ ಮಾತ್ರ ಅಚ್ಚು ಮಾಡಿದವನ ಕೈ ಕಾಣುತ್ತೆ.

ಇದಕ್ಕೆ ಎಲ್ಲರೂ ಕಂಡಿರೋ ಒಂದು ಚಿತ್ರವನ್ನೇ ತಗೊಳ್ಳೋಣ. ಸೀರೆ ಉಟ್ಟ ಹೆಣ್ಣು ಒಂದು ಕೈಯಲ್ಲಿ ದೀಪ ಹಿಡಿದು, ಗಾಳಿಗೆ ಆರದ ಹಾಗೆ ಇನ್ನೊಂದು ಕೈ ಅಡ್ಡ ಇಟ್ಟುಕೊಂಡು ನಿಂತಿರೋ ಚಿತ್ರ. ಮೈಸೂರಿಗೆ ಟೂರು ಹೋದೋರು ತಂದಿರ್ತಾರೆ, ದೀಪಾವಳಿ ಶುಭಾಶಯದ ಕಾರ್ಡಲ್ಲಿ ಬರುತ್ತೆ. ಬಹಳ ಜನ ಇದನ್ನ ರವಿವರ್ಮನ ಚಿತ್ರ ಅಂತಲೇ ಹೇಳ್ತಾರೆ. ಅಲ್ಲ. ರಾಜಾ ರವಿವರ್ಮ ತೀರಿಕೊಂಡದ್ದು 1906ರಲ್ಲಿ. ಈ ಚಿತ್ರ ಬರೆದವರು ಸಾವಂತವಾಡಿಯಲ್ಲಿ ಹುಟ್ಟಿ, ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ ಓದಿದ ಎಸ್.ಎಲ್. ಹಲ್ದಂಕರ್, 1882ರಿಂದ 1968ರವರೆಗೆ ಬಾಳಿದವರು. ಚಿತ್ರದ ಹೆಸರು 'ಗ್ಲೋ ಆಫ್ ಹೋಪ್'. ದೀಪ ಹಿಡಿದು ನಿಂತವಳು ಅವರ ಸ್ವಂತ ಮಗಳು. ಮೂಲ ಚಿತ್ರ ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆಯಲ್ಲಿದೆ. ರವಿವರ್ಮನ ಚಿತ್ರಗಳೂ ಅದೇ ಅರಮನೆಯಲ್ಲಿ ಇರೋದ್ರಿಂದ ಜನರ ಮನಸ್ಸಲ್ಲಿ ಎರಡೂ ಬೆರೆತುಹೋಗಿವೆ.

ಹೆಸರಿನ ಗೊಂದಲಕ್ಕಿಂತ ದೊಡ್ಡ ಸಂಗತಿ ಇನ್ನೊಂದಿದೆ. ಇದು ಎಣ್ಣೆಬಣ್ಣದ ಚಿತ್ರವಲ್ಲ, ಜಲವರ್ಣ. ಎಣ್ಣೆಬಣ್ಣದಲ್ಲಿ ಬೆಳಕು ಬೇಕಾದ ಕಡೆ ಬಿಳಿ ಬಣ್ಣ ಮೆತ್ತಬಹುದು. ಜಲವರ್ಣದಲ್ಲಿ ಬೆಳಕು ಅಂದ್ರೆ ಬಣ್ಣ ಹಾಕದೆ ಬಿಟ್ಟ ಕಾಗದ. ಬಣ್ಣ ತೆಳು, ಕಾಗದದ ಬಿಳುಪು ಅದರೊಳಗಿಂದ ಹಾದು ಬರುತ್ತೆ. ಕತ್ತಲೆ ಬೇಕು ಅಂದ್ರೆ ಒಂದರ ಮೇಲೊಂದು ತೆಳು ಪದರ ಹಾಕುತ್ತಾ ಹೋಗಬೇಕು, ಒಂದು ಪದರ ಹೆಚ್ಚಾದ್ರೆ ಕೆಸರು. ಹಾಗೆ ಕಟ್ಟಿದ ಕತ್ತಲೆ ಈ ಚಿತ್ರದಲ್ಲಿದೆ. ಜ್ವಾಲೆಗೆ ಅಡ್ಡ ಇಟ್ಟ ಬೆರಳುಗಳ ಸಂದಿಯಲ್ಲಿ ರಕ್ತ ಹೊಳೆದ ಹಾಗೆ ಕೆಂಪು, ಅಲ್ಲಿಂದ ಮುಖಕ್ಕೆ, ಸೀರೆಗೆ ಬೆಳಕು ಸ್ವಲ್ಪ ಸ್ವಲ್ಪವೇ ಕಮ್ಮಿಯಾಗುತ್ತಾ ಹೋಗುತ್ತೆ. ದೀಪದ ಹತ್ತಿರದ ಕತ್ತಲೆಗೂ ದೂರದ ಕತ್ತಲೆಗೂ ಬಣ್ಣ ಒಂದೇ ಅಲ್ಲ. ದೀಪ ಉರೀತಿದೆ ಅಂತ ನಮ್ಮ ಕಣ್ಣು ನಂಬೋದು ಆ ಕತ್ತಲೆಯ ದೆಸೆಯಿಂದ.

ಈ ಚಿತ್ರದ ಮೂರು ಅಚ್ಚುಗಳನ್ನ ನಾನು ಪಕ್ಕಪಕ್ಕ ಇಟ್ಟು ನೋಡಿದೀನಿ. ಮೂರೂ ನಮ್ಮ ಸುತ್ತಮುತ್ತಲಿನ ಮನೆಗಳಲ್ಲೇ ಸಿಕ್ಕವು. ಮೊದಲನೇದು ಚೌಕಟ್ಟು ಹಾಕಿಸಿದ್ದು. ಅದರಲ್ಲಿ ಕೂದಲು ಎಲ್ಲಿ ಮುಗೀತು, ಹಿಂದಿನ ಕತ್ತಲೆ ಎಲ್ಲಿ ಶುರುವಾಯ್ತು ಅಂತಲೇ ತಿಳಿಯಲ್ಲ, ಎಲ್ಲಾ ಒಂದೇ ಮಸಿ. ಎರಡನೇದು ಕ್ಯಾಲೆಂಡರು. ಕಪ್ಪಾಗಿ ಹೋಗಬಾರದು ಅಂತ ಯಾರೋ ಇಡೀ ಚಿತ್ರಕ್ಕೇ ಬೆಳಕು ಏರಿಸಿದಾರೆ. ಹಿನ್ನೆಲೆ ಬೂದಿ ಬಣ್ಣ, ಮುಖ ಗುಲಾಬಿ. ಹಗಲು ಹೊತ್ತಲ್ಲಿ ದೀಪ ಹಿಡಿದ ಹಾಗಿದೆ, ಆ ಹುಡುಗಿಗೆ ದೀಪ ಯಾಕೆ ಬೇಕಿತ್ತು ಅನಿಸುತ್ತೆ. ಮೂರನೇದು ಮೊಬೈಲಿಂದ ಇಳಿಸಿ ಫ್ಲೆಕ್ಸಿಗೆ ಹಾಕಿದ್ದು. ಬೆರಳ ಸಂದಿಯ ಆ ಕೆಂಪು ಇಲ್ಲಿ ಕುಂಕುಮ ಬಳಿದ ಹಾಗೆ ಒಂದೇ ಮುದ್ದೆ. ಚಿತ್ರ ಒಂದೇ, ಕೆಟ್ಟ ರೀತಿ ಮೂರು. ಮೂರರಲ್ಲೂ ಮೊದಲು ಹೋದದ್ದು ನೆರಳು.

ಇದು ಯಾಕೆ ಹೀಗಾಗುತ್ತೆ ಅಂತ ತಿಳಿಯೋಕೆ ಇಂಕಿನ ಸ್ವಭಾವ ಸ್ವಲ್ಪ ತಿಳೀಬೇಕು. ಆಫ್‌ಸೆಟ್ ಅಚ್ಚಿನಲ್ಲಿ ಇರೋದು ನಾಲ್ಕೇ ಇಂಕು: ಸಯಾನ್ ಅನ್ನೋ ತಿಳಿ ನೀಲಿ, ಮೆಜೆಂಟಾ ಅನ್ನೋ ರಾಣಿ ಗುಲಾಬಿ, ಹಳದಿ, ಕಪ್ಪು. ಮೊದಲ ಮೂರೂ ಪಾರದರ್ಶಕ. ಜಲವರ್ಣದ ಹಾಗೆಯೇ ಇಲ್ಲೂ ಬೆಳಕು ಬರೋದು ಕಾಗದದಿಂದ. ಕಂಪ್ಯೂಟರಿನ ಪರದೆ ಹಾಗಲ್ಲ, ಅದು ತಾನೇ ಬೆಳಕು ಕೊಡುತ್ತೆ. ಅದಕ್ಕೇ ಪರದೆಯಲ್ಲಿ ಕಂಡ ಹೊಳೆಯೋ ನೀಲಿ, ಎಳೆ ಹಸಿರು, ಕಿತ್ತಳೆ ಕಾಗದಕ್ಕೆ ಬರೋವಾಗ ತಣ್ಣಗಾಗ್ತವೆ. ಇದು ಪ್ರೆಸ್ಸಿನವರ ಮೋಸ ಅಲ್ಲ, ಆ ನಾಲ್ಕು ಇಂಕಿಗೆ ಅಷ್ಟು ದೂರ ಹೋಗೋ ಶಕ್ತಿ ಇಲ್ಲ.

ಇನ್ನು ಕಪ್ಪು. ಕಪ್ಪು ಇಂಕು ಒಂದನ್ನೇ ಹಾಕಿದ್ರೆ ದಟ್ಟ ಕಪ್ಪು ಬರುತ್ತೆ ಅಂತ ಎಲ್ಲರೂ ತಿಳ್ಕೊಂಡಿದ್ದಾರೆ. ದೊಡ್ಡ ಜಾಗಕ್ಕೆ ಅದೊಂದನ್ನೇ ಹಾಕಿ ನೋಡಿ, ಬೂದು ಮಿಶ್ರಿತ ಕಪ್ಪು, ತೊಳೆದು ತೊಳೆದು ಹಳೇದಾದ ಛತ್ರಿ ಬಟ್ಟೆ ಹಾಗೆ. ದಟ್ಟವಾಗಬೇಕು ಅಂದ್ರೆ ಅದರ ಅಡಿಯಲ್ಲಿ ಉಳಿದ ಬಣ್ಣಗಳ ಹಾಸು ಬೇಕು. ಕಸುಬಿನವರು ಸಾಮಾನ್ಯವಾಗಿ ಕಪ್ಪು 100ರ ಜೊತೆ ಸಯಾನ್ 60, ಮೆಜೆಂಟಾ 40, ಹಳದಿ 40 ಅಂತ ಇಟ್ಕೊಳ್ತಾರೆ. ಕೂಡಿದರೆ 240 ಆಯ್ತು. ಹಾಗಾದ್ರೆ ನಾಲ್ಕೂ ನೂರು ನೂರು ಹಾಕಿದ್ರೆ ಇನ್ನೂ ದಟ್ಟ ಅಲ್ವಾ ಅಂತ ಕೇಳಬಹುದು. ಆಗೋದಿಲ್ಲ. ಅಷ್ಟು ಇಂಕನ್ನ ಕಾಗದ ಕುಡಿಯಲ್ಲ. ಒಣಗಲ್ಲ, ಒಂದು ಹಾಳೆಯ ಮಸಿ ಮೇಲಿನ ಹಾಳೆಯ ಬೆನ್ನಿಗೆ ಅಂಟುತ್ತೆ. ಆರ್ಟ್ ಪೇಪರಿನಲ್ಲಿ ಒಟ್ಟು ಇಂಕು 300ರಿಂದ 320, ಪತ್ರಿಕೆಯ ಕಾಗದದಲ್ಲಿ ಸುಮಾರು 240, ಇಷ್ಟರೊಳಗೇ ಎಲ್ಲಾ ನೆರಳನ್ನೂ ಕಟ್ಟಬೇಕು. ದಟ್ಟ ಕಪ್ಪು ಅಂತ ಅಕ್ಷರಕ್ಕೂ ನಾಲ್ಕು ಬಣ್ಣ ಹಾಕೋದು ತಪ್ಪು. ಪ್ಲೇಟು ಕೂದಲೆಳೆಯಷ್ಟು ಜರುಗಿದರೂ ಸಣ್ಣ ಅಕ್ಷರದ ಅಂಚಲ್ಲಿ ಕೆಂಪು ನೀಲಿ ಇಣುಕುತ್ತೆ. ಅಕ್ಷರಕ್ಕೆ ಬರೀ ಕಪ್ಪು, ಚಿತ್ರದ ಕತ್ತಲೆಗೆ ಬೆರೆತ ಕಪ್ಪು.

ಇನ್ನೊಂದು ತೊಡಕು ಚುಕ್ಕೆಯದ್ದು. ಅಚ್ಚಿನ ಚಿತ್ರವನ್ನ ಭೂತಗನ್ನಡಿಯಲ್ಲಿ ನೋಡಿದ್ರೆ ಎಲ್ಲಾ ಚುಕ್ಕೆಗಳು. ಕಾಗದಕ್ಕೆ ಬಿದ್ದ ಚುಕ್ಕೆ, ಒದ್ದೆ ನೆಲಕ್ಕೆ ಬಿದ್ದ ರಂಗೋಲಿ ಪುಡಿ ಹಾಗೆ, ಸ್ವಲ್ಪ ಹರಡುತ್ತೆ. ಕಂಪ್ಯೂಟರಿನಲ್ಲಿ 50 ಅಂತ ಕೊಟ್ಟದ್ದು ಆರ್ಟ್ ಪೇಪರಿನ ಮೇಲೆ 65ರ ಹತ್ತಿರ ಕಾಣಬಹುದು, ಮ್ಯಾಪ್‌ಲಿಥೋ ಮೇಲೆ 70 ದಾಟಬಹುದು. ನೆರಳಿನಲ್ಲಿ 90, 95ರ ಚುಕ್ಕೆಗಳು ಒಂದಕ್ಕೊಂದು ಸೇರಿ ಮುಚ್ಚಿಹೋಗ್ತವೆ. ಆ ಮೊದಲನೇ ಅಚ್ಚಿನಲ್ಲಿ ಕೂದಲೂ ಕತ್ತಲೆಯೂ ಒಂದಾದದ್ದು ಹೀಗೆ. ಇದು ತಿಳಿದವನು ಅಚ್ಚಿಗೆ ಮೊದಲೇ ನೆರಳಿನ ನಡುಮಟ್ಟವನ್ನ ಒಂದಿಷ್ಟು ಬಿಡಿಸ್ತಾನೆ, ಕಟ್ಟಕಡೆಯ ಕಪ್ಪನ್ನ ಮಾತ್ರ ಹಾಗೇ ಉಳಿಸ್ತಾನೆ. ತಿಳಿಯದವನು ಇಡೀ ಚಿತ್ರಕ್ಕೇ ಬೆಳಕು ಏರಿಸ್ತಾನೆ. ಎರಡನೇ ಅಚ್ಚು, ಆ ಬೂದಿ ಬಣ್ಣದ ಕ್ಯಾಲೆಂಡರು, ಹುಟ್ಟಿದ್ದು ಹಾಗೆ.

"ಕ್ಯಾಲೆಂಡರಿನ ಬಾಳು 12 ತಿಂಗಳು, ಅದಕ್ಕೆ ಇಷ್ಟೆಲ್ಲಾ ಯಾಕಪ್ಪಾ?" ಅಂತ ಕೇಳೋರಿದ್ದಾರೆ. ನ್ಯಾಯವಾದ ಪ್ರಶ್ನೆ. ಕ್ಯಾಲೆಂಡರು ಚಿತ್ರವನ್ನ ನಾನು ಹೀಯಾಳಿಸೋನಲ್ಲ. ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಅಚ್ಚುಕೂಟ ಶುರುಮಾಡಿದಾಗ ಒಂದೊಂದು ಬಣ್ಣಕ್ಕೂ ಒಂದೊಂದು ಕಲ್ಲು ಬೇಕಿತ್ತು. ಒಂದೇ ಲಕ್ಷ್ಮಿ ಪಟಕ್ಕೆ ಹಲವಾರು ಕಲ್ಲು, ಹಾಳೆ ಅಷ್ಟೂ ಸಲ ಅಚ್ಚಿಗೆ ಹೋಗಿ ಬರಬೇಕು. ಜರ್ಮನಿಯಿಂದ ಕುಶಲಕರ್ಮಿಗಳನ್ನ ಕರೆಸಿ ಆ ಕೆಲಸ ಮಾಡಿಸಿದರು. ಆ ಪಟಗಳ ನೆರಳಲ್ಲಿ ಕಂದು, ಹಸಿರು, ನೀಲಿ ಬೇರೆಬೇರೆಯಾಗಿ ಕಾಣ್ತವೆ, ಕಾರಣ ಅವು ಬೇರೆಬೇರೆ ಕಲ್ಲಿನಿಂದಲೇ ಬಂದವು. ಆಮೇಲೆ ನಮ್ಮ ದಕ್ಷಿಣದಲ್ಲಿ ಕೋವಿಲ್‌ಪಟ್ಟಿಯ ಕೊಂಡಯ್ಯ ರಾಜು (1898–1976), ಅವರ ಶಿಷ್ಯರು ಬರೆದ ದೇವರ ಚಿತ್ರಗಳನ್ನ ಶಿವಕಾಶಿಯ ಪ್ರೆಸ್ಸುಗಳು ಮನೆಮನೆಗೆ ಮುಟ್ಟಿಸಿದವು. ಆ ಚಿತ್ರಗಳಲ್ಲಿ ನೆರಳು ಕಡಿಮೆ, ದೇವರ ಮೈಯಿಂದಲೇ ಬೆಳಕು ಬರುತ್ತೆ. ಅದು ಕೊರತೆ ಅಲ್ಲ, ಬರೆದವರು ಬೇಕು ಅಂತ ಮಾಡಿಕೊಂಡ ಆಯ್ಕೆ. ದೇವರಿಗೆ ನೆರಳು ಬೀಳೋದಿಲ್ಲ ಅನ್ನೋ ನಂಬಿಕೆಗೂ ಹೊಂದುತ್ತೆ, ಅಗ್ಗದ ಕಾಗದಕ್ಕೂ ಹೊಂದುತ್ತೆ. ತೊಂದರೆ ಬಂದದ್ದು ದೇವರಿಗೆ ಸರಿಹೋದ ಆ ಸರ್ವಬೆಳಕನ್ನ ಮನುಷ್ಯರ ಚಿತ್ರಕ್ಕೂ ಹಾಕೋಕೆ ಹೊರಟಾಗ. ದೀಪ ಹಿಡಿದ ಹುಡುಗಿ ದೇವಿಯಲ್ಲ. ಅವಳಿಗೆ ಕತ್ತಲೆ ಬೇಕು.

ತಿರುಪ್ಪೂರಿನವರಿಗೆ ಇದು ಸುಲಭವಾಗಿ ಅರ್ಥವಾಗುತ್ತೆ. ಕಪ್ಪು ಟೀ ಶರ್ಟಿನ ಮೇಲೆ ಹುಲಿ ಮುಖ ಅಚ್ಚು ಮಾಡೋವಾಗ ಮೊದಲು ಬೆಳಕಿನ ಜಾಗಕ್ಕೆ ಮಾತ್ರ ಬಿಳಿ ಅಡಿಪದರ ಹಾಕ್ತಾರೆ, ಅದರ ಮೇಲೆ ಬಣ್ಣ. ನೆರಳಿಗೆ ಏನೂ ಹಾಕೋದಿಲ್ಲ, ಬಟ್ಟೆಯೇ ನೆರಳು. ಕಾಗದದಲ್ಲಿ ಬೆಳಕನ್ನ ಬಿಡಬೇಕು, ಕಪ್ಪು ಬಟ್ಟೆಯಲ್ಲಿ ನೆರಳನ್ನ ಬಿಡಬೇಕು. ಹೊಸಬರು ಬಿಳಿ ಪದರವನ್ನ ಇಡೀ ಮುಖಕ್ಕೂ ಬಳಿದುಬಿಟ್ರೆ ಹುಲಿ ಹೋಗಿ ಬಣ್ಣದ ಮುಖವಾಡ ಆಗುತ್ತೆ, ಬಟ್ಟೆಯೂ ರಟ್ಟಿನ ಹಾಗೆ ಬಿರುಸು. ಎಲ್ಲಿ ಕೈ ಹಾಕಬಾರದು ಅಂತ ತಿಳಿದೋನೇ ಅಲ್ಲಿ ಒಳ್ಳೆ ಕೆಲಸಗಾರ.

ಇಲ್ಲಿವರೆಗೆ ಹೇಳಿದ್ದು ನೋಡೋ ಕಣ್ಣಿನ ಮಾತು. ಹೊಟ್ಟೆಪಾಡಿನ ಮಾತೂ ಇದೆ. ಸಿರುಮುಗೈಯಲ್ಲಿ ರೇಷ್ಮೆ, ನೆಗಮಂನಲ್ಲಿ ಹತ್ತಿ ಅಂತ ನಮ್ಮ ಸುತ್ತ ಮಗ್ಗ ನಂಬಿ ಬದುಕೋ ಊರುಗಳಿವೆ. ಮನೇಲಿ ಕನ್ನಡ ಆಡೋ ದೇವಾಂಗದವರೂ ಆ ಕಸುಬಿನಲ್ಲಿದ್ದಾರೆ. ನವಿಲು ಕತ್ತಿನ ಬಣ್ಣದ ಸೀರೆ ನೇಯ್ದವರಿಗೆ ಗೊತ್ತು, ಅಂಥ ಬಣ್ಣದ ನೂಲು ಅಂತ ಒಂದಿಲ್ಲ. ಹಾಸು ಒಂದು ಬಣ್ಣ, ಹೊಕ್ಕು ಒಂದು ಬಣ್ಣ, ನೀಲಿ ಹಸಿರು ಕೂಡಿ ಆ ಮಿನುಗು. ಸೀರೆ ಮಡಿಸಿದ ಕಡೆ, ನೆರಿಗೆಯ ಒಳಗೆ, ನೆರಳಲ್ಲಿ ಎರಡನೇ ಬಣ್ಣ ಎದ್ದು ಕಾಣುತ್ತೆ. ಈಗ ಈ ಸೀರೆಯ ಫೋಟೋ ತೆಗೆದು ಕೆಟಲಾಗು ಅಚ್ಚು ಹಾಕಿಸ್ತಾರೆ. ಫೋಟೋ ತೆಗೆದವರು ಎದುರಿಂದ ಬಿಳಿ ದೀಪ ಹೊಡೆದು ನೆರಿಗೆಯ ನೆರಳನ್ನ ಅಳಿಸಿರ್ತಾರೆ, ಅಚ್ಚಿಗೆ ಕೊಟ್ಟೋರು ಉಳಿದಿದ್ದನ್ನ ಕಪ್ಪು ಮಾಡಿರ್ತಾರೆ. ಪುಟದ ಮೇಲೆ ಬರೋದು ಬರೀ ನೀಲಿ ಸೀರೆ. ಕೊಂಡವರು ಬಿಚ್ಚಿ ನೋಡಿ "ಪಟದಲ್ಲಿ ಕಂಡದ್ದು ಇದಲ್ಲ" ಅಂತ ವಾಪಸ್ ಕಳಿಸ್ತಾರೆ. ನೇಯ್ದವರದ್ದು ಒಂದು ಎಳೆಯಷ್ಟೂ ತಪ್ಪಿಲ್ಲ, ಮಾತು ಕೇಳೋದು ಮಾತ್ರ ಅವರೇ.

ಇದಕ್ಕೆ ಪರಿಹಾರ ಕಷ್ಟದ್ದೇನಲ್ಲ. ಸೀರೆಯನ್ನ ಪಕ್ಕದ ಬೆಳಕಲ್ಲಿ, ನೆರಿಗೆ ಕಾಣೋ ಹಾಗೆ ಫೋಟೋ ತೆಗೆಸಿ. ಅಚ್ಚಿಗೆ ಕೊಡೋವಾಗ ಸೀರೆಯ ಒಂದು ತುಂಡನ್ನೂ ಜೊತೆಗೆ ಕೊಡಿ. ಪ್ರೂಫ್ ಬಂದ ಮೇಲೆ ತುಂಡನ್ನ ಪಕ್ಕ ಇಟ್ಟು ನೋಡಿ, ಅದೂ ಒಂದೇ ದೀಪದ ಕೆಳಗಲ್ಲ. ಒಂದು ಬೆಳಕಲ್ಲಿ ಒಂದೇ ಅನಿಸಿದ ಎರಡು ಬಣ್ಣ ಇನ್ನೊಂದು ಬೆಳಕಲ್ಲಿ ಬೇರೆ ಆಗಬಹುದು. ತಿರುಪ್ಪೂರಿನ ರಫ್ತು ಕಂಪನಿಗಳಲ್ಲಿ ಇದಕ್ಕಾಗಿಯೇ ಲೈಟ್ ಬಾಕ್ಸ್ ಇರುತ್ತೆ. ಡಿ 65 ಅಂದ್ರೆ ಹಗಲಿನ ಬೆಳಕು, ಟಿಎಲ್ 84 ಅಂದ್ರೆ ಅಂಗಡಿಯ ದೀಪ, ಎರಡರಲ್ಲೂ ನೋಡಿ ಒಪ್ಪಿದ ಮೇಲೇ ಬಟ್ಟೆ ಮುಂದಕ್ಕೆ ಹೋಗೋದು. ನಮಗೆ ಆ ಪೆಟ್ಟಿಗೆ ಇಲ್ಲದಿದ್ರೆ ಬೆಳಿಗ್ಗೆ ಹತ್ತು ಗಂಟೆಗೆ ಜಗಲಿ ಮೇಲೆ ಒಂದು ಸಲ, ರಾತ್ರಿ ಟ್ಯೂಬ್‌ಲೈಟಿನ ಕೆಳಗೆ ಒಂದು ಸಲ ನೋಡಿದ್ರೂ ಅರ್ಧ ಕೆಲಸ ಆಗುತ್ತೆ.

ಕಡೆಯದಾಗಿ ಮೈಬಣ್ಣದ ಮಾತು. ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಮುಖ್ಯ. ಅಚ್ಚಿಗೆ ಮುಖಗಳ ಚಿತ್ರ ಬಂದಾಗ ಕೆಲಸ ಕೊಟ್ಟವರು ಹೇಳೋ ಮೊದಲ ಮಾತು: "ಅಣ್ಣಾ, ಸ್ವಲ್ಪ ಬೆಳ್ಳಗೆ ಮಾಡಿಬಿಡಿ." ಮದುವೆ ಫ್ಲೆಕ್ಸಿಗೂ ಇದೇ, ಶ್ರದ್ಧಾಂಜಲಿ ಪೋಸ್ಟರಿಗೂ ಇದೇ, ಶಾಲೆಯ ವಾರ್ಷಿಕ ಸಂಚಿಕೆಗೂ ಇದೇ. ಮಾಡೋದು ಬಹಳ ಸುಲಭ. ನಮ್ಮ ಕಂದು ಮೈಬಣ್ಣದಲ್ಲಿ ಹಳದಿ ಮೆಜೆಂಟಾಗಿಂತ ತುಸು ಮೇಲಿರುತ್ತೆ, ಜೊತೆಗೆ ಸಯಾನ್ ಸಾಕಷ್ಟು ಇರುತ್ತೆ. ಆ ಸಯಾನನ್ನ ಕಿತ್ತುಬಿಟ್ರೆ ಮುಖ ಗುಲಾಬಿ ಆಗುತ್ತೆ. ಅದರ ಜೊತೆಗೇ ಕೆನ್ನೆಯ ಗುಳಿ, ಕಣ್ಣಿನ ಕೆಳಗಿನ ಗೆರೆ, ಮೂಗಿನ ಪಕ್ಕದ ನೆರಳು ಎಲ್ಲಾ ಹೋಗುತ್ತೆ. ಯಾಕಂದ್ರೆ ಆ ಗುರುತುಗಳನ್ನ ಬರೆಯೋದೇ ಸಯಾನೂ ಕಪ್ಪೂ. ಉಳಿಯೋದು ಯಾರದ್ದೋ ಮುಖ. ತೀರಿಕೊಂಡ ಅಜ್ಜಿಯ ಪಟವನ್ನೇ ಮೊಮ್ಮಕ್ಕಳು ಗುರುತಿಸದ ಹಾಗೆ ಅಚ್ಚು ಮಾಡಿಸ್ತೀವಿ, ಅದಕ್ಕೆ ದುಡ್ಡೂ ಕೊಡ್ತೀವಿ.

ಈ ರೋಗ ನಮ್ಮಲ್ಲಿ ಮಾತ್ರ ಇರೋದಲ್ಲ. ಅಮೆರಿಕಾದ ಕೊಡಕ್ ಕಂಪನಿ ಬಹಳ ಕಾಲ ಫೋಟೋ ಬಣ್ಣ ಸರಿಮಾಡೋಕೆ ಲ್ಯಾಬುಗಳಿಗೆ ಒಂದು ಕಾರ್ಡು ಕೊಡ್ತಿತ್ತು, ಅದರ ಮೇಲೆ ಬಿಳಿ ಹೆಂಗಸಿನ ಫೋಟೋ. 'ಶರ್ಲಿ ಕಾರ್ಡು' ಅಂತ ಅದರ ಹೆಸರು. ಆ ಮುಖ ಸರಿ ಬಂದ್ರೆ ಎಲ್ಲಾ ಸರಿ ಅಂತ ಲೆಕ್ಕ. ಕರಿ ಮೈಬಣ್ಣದ ಮಕ್ಕಳು ಆ ಫೋಟೋಗಳಲ್ಲಿ ಕಣ್ಣು ಹಲ್ಲು ಬಿಟ್ಟು ಬೇರೇನೂ ಕಾಣದ ಹಾಗೆ ಬರ್ತಿದ್ರು. ಆಮೇಲೆ ಫಿಲ್ಮು ಕಂದು ಬಣ್ಣಗಳನ್ನ ಚೆನ್ನಾಗಿ ಹಿಡಿಯೋ ಹಾಗೆ ಸುಧಾರಿಸಿತು. ಅದಕ್ಕೆ ಒತ್ತಾಯ ಹಾಕಿದವರಲ್ಲಿ ಚಾಕೊಲೇಟ್ ಕಂಪನಿಗಳು, ಮರದ ಪೀಠೋಪಕರಣದ ಕಂಪನಿಗಳು ಇದ್ದವು, ತಮ್ಮ ಸರಕಿನ ಕಂದು ಸರಿಯಾಗಿ ಬರ್ತಿಲ್ಲ ಅಂತ. ಮನುಷ್ಯರ ಮುಖದ ದೂರಿಗಿಂತ ಚಾಕೊಲೇಟಿನ ದೂರಿಗೆ ಬೆಲೆ ಬಂತು. ಅಲ್ಲಿ ಹಾಗಾಯ್ತು ಅಂತ ನಗೋದು ಬೇಡ. ಇಲ್ಲಿ ನಮ್ಮ ಮುಖವನ್ನ ಕೆಡಿಸಿ ಅಂತ ನಾವೇ ಹೇಳಿಕೊಡ್ತಾ ಇದ್ದೀವಿ.

ಅದಕ್ಕೇ ಶಾಲೆಯ ಮೇಷ್ಟ್ರುಗಳಿಗೆ, ಟೀಚರಮ್ಮಂದಿರಿಗೆ ಒಂದು ಮಾತು. ವಾರ್ಷಿಕ ಸಂಚಿಕೆಗೆ ಮಕ್ಕಳ ಗುಂಪು ಫೋಟೋ ಕೊಡೋವಾಗ "ಬೆಳ್ಳಗೆ ಮಾಡಿ" ಅನ್ನಬೇಡಿ, "ಇದ್ದ ಹಾಗೆ ಬರಲಿ, ನೆರಳು ಮುಚ್ಚಬಾರದು" ಅನ್ನಿ. ಫೋಟೋವನ್ನ ವಾಟ್ಸಾಪಿನಲ್ಲಿ ಕಳಿಸಿದರೆ ಅದು ಕುಗ್ಗಿ ಹೋಗುತ್ತೆ. ಮೂಲ ಫೈಲನ್ನೇ ಕೊಡಿ, ಅಚ್ಚಾಗೋ ಅಳತೆಯಲ್ಲಿ ಇಂಚಿಗೆ 300 ಚುಕ್ಕೆ ಇದೆಯಾ ಅಂತ ಕೇಳಿ. ಯಾವ ಕಾಗದ ಅಂತ ಮೊದಲೇ ಹೇಳಿ, ಮ್ಯಾಪ್‌ಲಿಥೋಗೆ ಸಿದ್ಧಮಾಡೋ ಚಿತ್ರ ಬೇರೆ, ಆರ್ಟ್ ಪೇಪರಿಗೆ ಬೇರೆ. ಅದೇ ಕಾಗದದ ಮೇಲೆ ಒಂದು ಪ್ರೂಫ್ ತೆಗೆಸಿ. ಪ್ರೂಫ್ ಕೈಗೆ ಬಂದಾಗ ಮುಂದಿನ ಸಾಲಲ್ಲಿ ಕೂತ ಬೆಳ್ಳಗಿನ ಮಗುವನ್ನ ನೋಡಬೇಡಿ. ಹಿಂದಿನ ಸಾಲಿನ ಮೂಲೇಲಿ, ಮರದ ನೆರಳು ಬಿದ್ದ ಕಡೆ ನಿಂತಿರ್ತಾನಲ್ಲ, ಕಪ್ಪಗಿರೋ ಹುಡುಗ, ಅವನ ಮುಖ ನೋಡಿ. ಅವನ ಕೂದಲು ಹಣೆಯಿಂದ ಬೇರೆಯಾಗಿ ಕಾಣುತ್ತಾ? ಅವನ ನಗು ತಿಳಿಯುತ್ತಾ? ತಿಳಿದರೆ ಇಡೀ ಪಟ ಸರಿಯಿದೆ, ಸಹಿ ಹಾಕಿ ಕಳಿಸಿ. ತಿಳಿಯದಿದ್ರೆ ವಾಪಸ್ ಕೊಟ್ಟು ಇನ್ನೊಂದು ಸಲ ಮಾಡಿ ಅನ್ನಿ. ಪ್ರೆಸ್ಸಿನವರು ಒಂದು ದಿನ ಗೊಣಗಬಹುದು. ಆ ಹುಡುಗ ಸಂಚಿಕೆಯನ್ನ ಮನೆಗೆ ಒಯ್ದು ಅಮ್ಮನಿಗೆ ತೋರಿಸೋವಾಗ "ನಾನಿಲ್ಲಿದ್ದೀನಿ" ಅಂತ ಬೆರಳಿಟ್ಟು ಹೇಳೋ ಹಾಗಿರಬೇಕು.